ಹಳೆ ಇನ್‌ಬೋರ್ಡ್ ಬೋಟಿನ ಆಯಿಲ್ ಸೋರಿಕೆ: ಮೇಲಿನಿಂದ ಹುಡುಕಿ

ಎಂಜಿನ್ ಒಳಗೇ ಇರುವ ಇಂಥ ಬೋಟಿನ ಬಿಲ್ಜ್‌ನಲ್ಲಿ (ತಳದ ಗುಂಡಿಯಲ್ಲಿ) ಆಯಿಲ್ ಕಂಡ ಕೂಡಲೇ ರಿಯರ್ ಮೇನ್ ಸೀಲ್ (ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ತುದಿಯ ಆಯಿಲ್ ಸೀಲ್) ಹೋಯ್ತು ಅಂತ ಎಂಜಿನ್ ಇಳಿಸಬೇಡಿ. ಎಷ್ಟೋ ಸಲ ಎಂಜಿನ್‌ನ ಮೇಲ್ಮುಚ್ಚಳವಾದ ವಾಲ್ವ್ ಕವರ್‌ನ ಹಿಂಬದಿಯಲ್ಲಿ ಸೋರಿದ ಆಯಿಲ್ ಬ್ಲಾಕ್ ಮೇಲಿಂದ ಇಳಿದು ಬೆಲ್ ಹೌಸಿಂಗ್ (ಎಂಜಿನ್‌ನ ಹಿಂದಿನ ಗಂಟೆಯಾಕಾರದ ಕವಚ) ಕೆಳಗೆ ತೊಟ್ಟಿಕ್ಕುತ್ತದೆ, ನೋಡೋರಿಗೆ ಸೀಲೇ ಹೋದಂತೆ ಕಾಣುತ್ತದೆ.

ಡಿಗ್ರೀಸರ್ ಹಾಕಿ ತೊಳೆದು ಒಣಗಿಸಿ, ಕೆಳಗೆ ಬಿಳಿ ಹೀರುವ ಪ್ಯಾಡ್ ಹಾಸಿ, ಗ್ಯಾಸ್ಕೆಟ್ ಅಂಚುಗಳಿಗೆ ಟಾಲ್ಕಂ ಪೌಡರ್ ಉದುರಿಸಿ. ಪೆಟ್ರೋಲ್ ಎಂಜಿನ್ನಾದರೆ ಸ್ಟಾರ್ಟ್ ಮಾಡುವ ಮೊದಲು ಬ್ಲೋವರ್ (ಪೆಟ್ರೋಲ್ ಆವಿ ಹೊರಹಾಕುವ ಫ್ಯಾನ್) ಕನಿಷ್ಠ 4 ನಿಮಿಷ ಓಡಲೇಬೇಕು. ಎಂಜಿನ್ 15 ನಿಮಿಷ ಬಿಸಿಯಾಗಲಿ, ನಿಲ್ಲಿಸಿ ಟಾರ್ಚ್ ಹಿಡಿದು ನೋಡಿ. ಪೌಡರ್‌ನಲ್ಲಿ ಕಂದು ಗೆರೆಯ ಮೇಲ್ತುದಿ ಎಲ್ಲಿದೆಯೋ ಅಲ್ಲೇ ಸೋರಿಕೆ. ಆಯಿಲ್ ಪ್ರೆಶರ್ ಸೆಂಡರ್‌ನ (ಒತ್ತಡ ಅಳೆಯುವ ಸೆನ್ಸರ್) ಬುಡ, ಫಿಲ್ಟರ್, ಆಯಿಲ್ ಕೂಲರ್ ಹೋಸ್‌ಗಳ ತುದಿ ಬಿಡದೆ ನೋಡಿ.

ತಗಡಿನ ವಾಲ್ವ್ ಕವರ್ ಸೋರಿದರೆ ಬೋಲ್ಟ್ ಇನ್ನಷ್ಟು ಬಿಗಿಯಬೇಡಿ. ಕಾರ್ಕ್ ಗ್ಯಾಸ್ಕೆಟ್ ಸೀಳುತ್ತದೆ, ಬೋಲ್ಟ್ ತೂತಿನ ಸುತ್ತ ತಗಡು ಗುಳಿ ಬೀಳುತ್ತದೆ. ಕವರ್ ಬಿಚ್ಚಿ, ಗುಳಿಯನ್ನು ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಮಟ್ಟಮಾಡಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿಯಿರಿ.

ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಹೋಸ್ ಕಟ್ಟಿಕೊಂಡಿದ್ದರೆ ಮಾತ್ರ ಹೊಸ ಗ್ಯಾಸ್ಕೆಟ್ಟೂ ನಿಲ್ಲದು. ಒಳಗಿನ ಒತ್ತಡ ಆಯಿಲನ್ನು ಹೊರದಬ್ಬುತ್ತದೆ. ತುಕ್ಕು ಹಿಡಿದು ತೂತಾದ ಆಯಿಲ್ ಪ್ಯಾನ್‌ಗೆ ಸೀಲಂಟ್ ಮೆತ್ತಬೇಡಿ, ಪ್ಯಾನೇ ಬದಲಿಸಿ.

ಇದೆಲ್ಲ ಮುಗಿಯೋವರೆಗೆ ಬಿಲ್ಜ್ ಪಂಪ್‌ನಿಂದ ಆಯಿಲ್ ನೀರಿಗೆ ಹೋಗದಂತೆ ಪ್ಯಾಡ್‌ನಲ್ಲೇ ಹೀರಿಸಿ ತೆಗೆಯಿರಿ.