ಜೇಡ, ಜೇನು ಮತ್ತು ಒಂದೂವರೆ ಮಿಲಿಮೀಟರ್: ತೋಟದಲ್ಲಿ ಬೇಟೆಯ ಫೋಟೋ ತೆಗೆದ ಅನುಭವ

ಬೇಟೆಯ ಫೋಟೋ ಅಂದರೆ ಕಬಿನಿಗೆ ಹೋಗಬೇಕು, ಉದ್ದದ ಲೆನ್ಸ್ ಬೇಕು, ಹುಲಿ ಕಣ್ಣಿಗೆ ಬೀಳಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ತೆಗೆದ ಬೇಟೆಯ ಚಿತ್ರಗಳೆಲ್ಲ ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಬದುವಿನವು, ಅಂಗಳದ ಹೂಗಿಡಗಳವು. ಜೇಡ, ಸೂರ್ಯನ ಕುದುರೆ, ರಾಬರ್ ಫ್ಲೈ ಅನ್ನುವ ನೊಣ, ಇರುವೆ. ಮಳೆಗಾಲ ಮುಗಿಯುತ್ತಾ ಬಂದು ತುಂಬೆ ಹೂ ಬಿಟ್ಟಿರುವಾಗ ಬೇಲಿಯ ಉದ್ದಕ್ಕೆ ನಿಧಾನವಾಗಿ ನಡೆದರೆ ಸಾಕು, ಎಲ್ಲೋ ಒಂದು ಕಡೆ ಯಾರೋ ಯಾರನ್ನೋ ತಿನ್ನುತ್ತಿರುತ್ತಾರೆ.

ನಾನು ಮೊದಲು ಹುಡುಕುವುದು ಜೇನು ಜಾಸ್ತಿ ಬರುವ ಹೂವನ್ನು. ಊಟ ಬರುವ ಕಡೆ ತಿನ್ನುವವರೂ ಬಂದು ಕೂತಿರುತ್ತಾರೆ ಅಲ್ವಾ? ಹೂವಿನ ಮೇಲೆ ತುಡುವೆ ಜೇನೊಂದು ಅಲುಗಾಡದೆ ಇದ್ದರೆ ಅಲ್ಲೇ ನಿಲ್ಲುತ್ತೇನೆ. ಜೇನು ಸುಮ್ನೆ ಕೂರುವ ಜೀವವಲ್ಲ. ಸ್ವಲ್ಪ ಬಗ್ಗಿ ನೋಡಿದರೆ ದಳದ ಅಡಿಯಿಂದ ಏಡಿ ಜೇಡ ಅದರ ಕುತ್ತಿಗೆ ಹಿಡಿದಿರುತ್ತದೆ. ಈ ಜೇಡ ಬಲೆ ಕಟ್ಟಿ ಬೇಟೆ ಹಿಡಿಯುವುದಿಲ್ಲ. ಮುಂದಿನ ಎರಡು ಜೊತೆ ಕಾಲುಗಳನ್ನು ಅಗಲಿಸಿಕೊಂಡು ಹೂವಿನ ಬಣ್ಣದಲ್ಲೇ ಕಾಯುತ್ತದೆ. ಕೆಲವು ಜಾತಿಗಳು ಬಿಳಿಯಿಂದ ಹಳದಿಗೆ ಬಣ್ಣ ಬದಲಿಸುತ್ತವೆ. ಅದಕ್ಕೆ ದಿನಗಳೇ ಬೇಕು.

ಬೇಟೆ ಹಿಡಿಯುವ ಕ್ಷಣವೇ ಬೇಕು ಅಂತ ನಾನು ಹಟ ಹಿಡಿಯುವುದಿಲ್ಲ. ಅದು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಹಿಡಿದ ಮೇಲಿನ ಹೊತ್ತು ಫೋಟೋಗೆ ಹೆಚ್ಚು ಒಳ್ಳೆಯದು. ಜೇಡ ಅಗಿದು ನುಂಗುವುದಿಲ್ಲ, ಒಳಗಿನದನ್ನು ಕರಗಿಸಿ ಹೀರುತ್ತದೆ. ಹಾಗಾಗಿ ಊಟ ತುಂಬಾ ಹೊತ್ತು ನಡೆಯುತ್ತದೆ. ಕೈಯಲ್ಲಿರುವ ಊಟವನ್ನು ಬಿಟ್ಟು ಅದು ಸುಲಭಕ್ಕೆ ಓಡುವುದೂ ಇಲ್ಲ. ಆದರೆ ಗಿಡ ಅಲುಗಿದರೆ ಅದಕ್ಕೆ ತಕ್ಷಣ ಗೊತ್ತಾಗುತ್ತದೆ. ನನ್ನ ನೆರಳು ಹೂವಿನ ಮೇಲೆ ಬೀಳದ ಹಾಗೆ ಸೂರ್ಯ ಎಲ್ಲಿದ್ದಾನೆ ಅಂತ ನೋಡಿಕೊಂಡು, ಮೊಣಕಾಲೂರಿ, ಇಷ್ಟಿಷ್ಟೇ ಹತ್ತಿರ ಹೋಗುತ್ತೇನೆ. ಮೊದಲು ದೂರದಿಂದಲೇ ಒಂದೆರಡು ಚಿತ್ರ, ಆಮೇಲೆ ಹತ್ತಿರದ್ದು.

ನಿಜವಾದ ಕಷ್ಟ ಫೋಕಸ್ಸಿನದು. ನನ್ನದು 100 ಎಂಎಂ ಮ್ಯಾಕ್ರೋ ಲೆನ್ಸ್, ಚಿಕ್ಕದನ್ನು ತೀರಾ ಹತ್ತಿರದಿಂದ ತೆಗೆಯುವಂಥದ್ದು. ಜೀವದ ಬಿಂಬ ಅದರ ನಿಜವಾದ ಅಳತೆಯಲ್ಲೇ ಕ್ಯಾಮೆರಾದ ಸೆನ್ಸರ್ ಮೇಲೆ ಬೀಳುವಷ್ಟು ಹತ್ತಿರ ಹೋದಾಗ, ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್/11ರಷ್ಟು ಕಿರಿದು ಮಾಡಿದರೂ ಸ್ಪಷ್ಟವಾಗಿ ಕಾಣುವ ಆಳ ಒಂದೂವರೆ ಮಿಲಿಮೀಟರ್ ಕೂಡ ಇರುವುದಿಲ್ಲ. ಒಂದೇ ಜೀವವಾದರೆ ಕಣ್ಣಿಗೆ ಫೋಕಸ್ ಮಾಡಿದರಾಯಿತು. ಇಲ್ಲಿ ಎರಡಿವೆ. ಜೇಡದ ಕಣ್ಣೂ ಬೇಕು, ಜೇನಿನ ಮುಖವೂ ಬೇಕು. ಅದಕ್ಕೇ ಎರಡೂ ತಲೆಗಳು ಲೆನ್ಸಿನಿಂದ ಒಂದೇ ದೂರದಲ್ಲಿ ಬರುವ ಕೋನ ಹುಡುಕುತ್ತೇನೆ, ಹೆಚ್ಚಾಗಿ ಅದು ಪಕ್ಕದಿಂದ ಸಿಗುತ್ತದೆ. ಸಿಗದೇ ಹೋದರೆ ಸ್ವಲ್ಪ ಹಿಂದೆ ಸರಿದು ತೆಗೆದು, ಆಮೇಲೆ ಕ್ರಾಪ್ ಮಾಡುತ್ತೇನೆ. ಕಿಂಡಿಯನ್ನು ಇನ್ನೂ ಕಿರಿದು ಮಾಡಿ ಎಫ್/22ರ ತನಕ ಹೋಗುವುದಿಲ್ಲ, ಇಡೀ ಚಿತ್ರವೇ ಮಂಕಾಗುತ್ತದೆ.

ಫ್ಲ್ಯಾಶ್ ಯಾವಾಗಲೂ ಇರುತ್ತದೆ. ಅದರ ಮುಂದೆ ಪ್ಯಾಕಿಂಗಿಗೆ ಬಳಸುವ ತೆಳು ಬಿಳಿ ಫೋಮ್ ಹಾಳೆ ಕಟ್ಟಿದ್ದೇನೆ. ಹಾಗೆ ಮಾಡಿದರೆ ಜೇಡದ ಹೊಳೆಯುವ ಬೆನ್ನಿನ ಮೇಲೆ ಬೆಳಕು ಬಿಳಿ ಕಲೆಯಾಗಿ ಕೂರುವುದಿಲ್ಲ. ಶಟರ್ ವೇಗ ಸೆಕೆಂಡಿನ 1/200 ಭಾಗ, ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ 200ರ ಆಸುಪಾಸು. ಗಾಳಿ ಏಳುವ ಮೊದಲು, ಬೆಳಿಗ್ಗೆಯೇ ಕೆಲಸ ಮುಗಿಸುವುದು ಒಳ್ಳೆಯದು.

ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ಸತ್ತ ಜೇನಿನ ಮೇಲೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಕಾಣಬಹುದು. ಧೂಳು ಅಂತ ಒರೆಸಿಬಿಡಬೇಡಿ! ಅವು ಪುಟ್ಟ ನೊಣಗಳು. ಜೇಡ ಜೇನನ್ನು ಹಿಡಿದ ಕೂಡಲೇ ವಾಸನೆ ಹಿಡಿದು ಬರುತ್ತವೆ, ಜೇನಿನ ಮೈಯಿಂದ ಒಸರುವ ರಸ ಹೀರುತ್ತವೆ. ಒಂದೇ ಚಿತ್ರದಲ್ಲಿ ಕೊಂದವನು, ಸತ್ತವನು, ಪಾಲಿಗೆ ಬಂದವರು ಮೂವರೂ ಸಿಗುತ್ತಾರೆ. ನನಗೆ ಇದಕ್ಕಿಂತ ಖುಷಿ ಕೊಡುವ ಫ್ರೇಮ್ ಕಡಿಮೆ.

ರಾಬರ್ ಫ್ಲೈ ತೆಗೆಯುವ ದಾರಿ ಬೇರೆ. ಇದು ಹಾರುತ್ತಲೇ ಬೇಟೆ ಹಿಡಿಯುವ ನೊಣ. ಬಿಸಿಲಲ್ಲಿ ಒಣಕಡ್ಡಿಯ ತುದಿಯಲ್ಲಿ ಕೂತಿರುತ್ತದೆ, ಬಾಣದ ಹಾಗೆ ಹಾರುತ್ತದೆ, ಬಹಳ ಸಲ ಅದೇ ಕಡ್ಡಿಗೇ ವಾಪಸ್ ಬರುತ್ತದೆ. ಅದು ಹಾರಿಹೋದಾಗ ಹಿಂದೆ ಓಡುವ ಬದಲು ನಾನು ಕಡ್ಡಿಗೇ ಫೋಕಸ್ ಇಟ್ಟು ಅಲ್ಲಾಡದೆ ಕಾಯುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಮರದ ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆಯ ವೇಷ ಹಾಕುವ ಏಡಿ ಜೇಡ, ಅಮೈಸಿಯಾ ಫಾರ್ಟಿಸೆಪ್ಸ್. ಮೈ ಬಣ್ಣ ಚಗಳಿಯದೇ. ಹೊಟ್ಟೆಯ ತುದಿಯಲ್ಲಿ ಎರಡು ಕಪ್ಪು ಚುಕ್ಕೆಗಳಿವೆ, ಇರುವೆಯ ಕಣ್ಣುಗಳ ಹಾಗೆ. ಚಗಳಿ ಸಾಲಿನ ಪಕ್ಕದಲ್ಲೇ ಇದ್ದು ಒಂಟಿ ಇರುವೆಯನ್ನು ಕಚ್ಚುತ್ತದೆ. ಗೂಡಿನವರ ಕೈಗೆ ಸಿಕ್ಕರೆ ಉಳಿಗಾಲವಿಲ್ಲ, ಹಾಗಾಗಿ ಬೇಟೆಯ ಜೊತೆ ಎಳೆಯಲ್ಲಿ ಕೆಳಗೆ ಇಳಿದು ಗಾಳಿಯಲ್ಲೇ ನೇತಾಡುತ್ತಾ ತಿನ್ನುತ್ತದೆ. ಮರದ ಮೇಲಿನ ಇರುವೆ ಸಾಲನ್ನೇ ನೋಡುತ್ತಾ ನಿಂತರೆ ಇದು ಕಾಣುವುದಿಲ್ಲ, ಕೊಂಬೆಯ ಕೆಳಗಿನ ಖಾಲಿ ಜಾಗ ನೋಡಬೇಕು. ಎಳೆ ತಿರುಗುತ್ತಲೇ ಇರುತ್ತದೆ. ಎರಡೂ ಮೈ ಪಕ್ಕಕ್ಕೆ ಬಂದಾಗ ಮಾತ್ರ ಒತ್ತುತ್ತೇನೆ.

ಕೆಲವರು ಜೇನನ್ನು ಹಿಡಿದು ತಂದು ಜೇಡದ ಮುಂದೆ ಬಿಡುತ್ತಾರೆ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮಂಕು ಮಾಡುವವರೂ ಇದ್ದಾರೆ. ಇದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ನಿಸರ್ಗ ಛಾಯಾಗ್ರಹಣಕ್ಕೆ ಪಿಎಸ್‌ಎ, ಫಿಯಾಪ್, ಆರ್‌ಪಿಎಸ್ ಎಂಬ ಛಾಯಾಗ್ರಹಣ ಸಂಸ್ಥೆಗಳು ಸೇರಿ ಒಪ್ಪಿಕೊಂಡ ನಿಯಮದಲ್ಲಿ ಚಿತ್ರದ ಸೊಗಸಿಗಿಂತ ಅದು ಹೇಳುವ ಕಥೆಗೆ ಹೆಚ್ಚು ತೂಕ. ನಾವೇ ಕಟ್ಟಿದ ಬೇಟೆಯಲ್ಲಿ ಆ ಕಥೆ ಎಲ್ಲಿಂದ ಬರಬೇಕು? ಯಾವ ಜೇಡ ಯಾವ ಹೂವಿನ ಮೇಲೆ ಏನು ತಿನ್ನುತ್ತದೆ ಅನ್ನುವುದಕ್ಕೆ ನಮ್ಮ ಚಿತ್ರವೇ ಸಾಕ್ಷಿ. ಅದಕ್ಕೆ ಪ್ರತಿ ಚಿತ್ರದ ಜೊತೆ ಗಿಡದ ಹೆಸರು, ಹೊತ್ತು, ಜಾಗ, ಬೇಟೆ ಆಗ ಇನ್ನೂ ಅಲುಗುತ್ತಿತ್ತಾ ಇಲ್ವಾ ಅಂತ ಬರೆದಿಡುತ್ತೇನೆ. ಹೆಸರು ಗೊತ್ತಾಗದಿದ್ದರೆ, ಜೀವಿಗಳ ಚಿತ್ರ ಹಾಕಿ ಗುರುತು ಕೇಳುವ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೆ ಹಾಕುತ್ತೇನೆ. ಬೇಟೆಗಾರನಿಗೆ ಒಂದು ದಾಖಲೆ, ಬೇಟೆಗೆ ಇನ್ನೊಂದು.