ಊರಿನಿಂದ ಬಂದ ಇಂಗ್ಲಿಷ್ ಮನೆತನದ ಹೆಸರಿನ ಮೂಲ ಹುಡುಕುವ ಬಗೆ

ಕುಪ್ಪಳಿಯೊಳಗೆ ಯಾರನ್ನೂ ಕುಪ್ಪಳಿಯವರೆಂದು ಗುರುತಿಸಬೇಕಾಗಿಲ್ಲ. ತೀರ್ಥಹಳ್ಳಿ ಪೇಟೆಗೆ ಇಳಿದಾಗಲೇ ಊರು ಹೆಸರಿಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷ್ ಮನೆತನದ ಹೆಸರಿನ ಮೂಲ ಹುಡುಕುವ ಮಲೆನಾಡಿನ ಓದುಗರು ಇದನ್ನು ಮೊದಲು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಅಲ್ಲಿಯೂ ಸಾಮಾನ್ಯರಲ್ಲಿ ಹೆಚ್ಚಾಗಿ ಊರು ಬಿಟ್ಟವರಿಗೇ ಊರಿನ ಹೆಸರು ನಿಂತಿತು.

ಜಮೀನಿನ ಒಡೆಯರ ದಾರಿ ಬೇರೆ. 12ನೆಯ ಶತಮಾನದಲ್ಲಿ ವಿಲಿಯಂ ಡಿ ಹರ್ಟ್‌ಬರ್ನ್ ಎಂಬಾತ ಇಂಗ್ಲೆಂಡಿನ ಉತ್ತರಭಾಗದ ವಾಷಿಂಗ್ಟನ್ ಎಂಬ ಹಳ್ಳಿಯ ಒಡೆತನ ಪಡೆದು, ಹಳೆಯ ಊರಿನ ಹೆಸರು ಬಿಟ್ಟು ಹೊಸ ಊರಿನದನ್ನೇ ಇಟ್ಟುಕೊಂಡನು. ಆ ವಂಶದ ಜಾನ್ ವಾಷಿಂಗ್ಟನ್ 1650ರ ದಶಕದಲ್ಲಿ ವರ್ಜೀನಿಯಾದಲ್ಲಿ ನೆಲೆಸಿದ್ದರಿಂದ, ಮರಿಮಗ ಜಾರ್ಜ್‌ನ ಮೂಲಕ ಆ ಸಣ್ಣ ಹಳ್ಳಿಯ ಹೆಸರು ಅಮೆರಿಕದ ರಾಜಧಾನಿಗೆ ಬಂದಿತು. ನನಗಂತೂ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೆನಿಸುವುದಿಲ್ಲ.

ಹುಡುಕುವಾಗ ಮೊದಲು ಹೆಸರನ್ನು ಬಿಡಿಸಿ ನೋಡಿರಿ. ನಮ್ಮ ಕಡೆ ‘ಕೊಡಿಗೆ’ ಎಂಬುದು ದತ್ತಿಯಾಗಿ ಕೊಟ್ಟ ಭೂಮಿಯನ್ನು ಸೂಚಿಸುವಂತೆ, ಅಲ್ಲಿ ‘ಟನ್’ ಎಂಬುದು ಹಟ್ಟಿ ಅಥವಾ ಹಳ್ಳಿಯನ್ನೂ ‘ಲೀ’ ಎಂಬುದು ಕಾಡಿನ ನಡುವಿನ ಬಯಲನ್ನೂ ಸೂಚಿಸುತ್ತದೆ. ಅನಂತರ 1881ರ ಜನಗಣತಿಯಲ್ಲಿ ಆ ಹೆಸರಿನವರು ಯಾವ ಸೀಮೆಯಲ್ಲಿ ದಟ್ಟವಾಗಿದ್ದರೆಂದು ಗುರುತು ಹಾಕಿಕೊಂಡು, ಅಲ್ಲಿಂದ ಚರ್ಚುಗಳ ನಾಮಕರಣ, ಮದುವೆ ಮತ್ತು ಶವಸಂಸ್ಕಾರದ ದಾಖಲೆಗಳಿಗೆ ಹಿಂದೆ ಸರಿಯಿರಿ. ಇವನ್ನು ಇಡಬೇಕೆಂಬ ಆಜ್ಞೆ ಹೊರಟದ್ದು 1538ರಲ್ಲಿ. ಬರೆಯುವವರು ಕಿವಿಗೆ ಬಿದ್ದಂತೆ ಬರೆದಿರುವುದರಿಂದ ಕಾಗುಣಿತದ ಎಲ್ಲ ರೂಪಗಳನ್ನೂ ನೋಡಬೇಕು. ‘ತೆಂಕಣ ಹಳ್ಳಿ’ ಎಂಬರ್ಥದ ಸಟನ್ ಹೆಸರಿನ ಊರುಗಳು ಅನೇಕವಿರುವುದರಿಂದ, ಸಟನ್ ಮನೆತನದವರೆಲ್ಲರೂ ಒಂದೇ ಬೇರಿನವರೆಂದು ಬರೆದುಕೊಳ್ಳಬೇಡಿರಿ.