ಮತ್ತೆ ಮತ್ತೆ ಏಳುವ ತುರಿಕೆ ದದ್ದಿನ ಮೂಲ ಹುಡುಕುವ ಬಗೆ

ವೈದ್ಯರ ಮುಂದೆ ಕುಳಿತಾಗ ಚರ್ಮ ನುಣ್ಣಗಿರುತ್ತದೆ. ಬಸ್ಸು ಹತ್ತಿ ಮನೆಗೆ ಮರಳಿ ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ ತೋಳು, ಹೊಟ್ಟೆ, ತೊಡೆಗಳ ಮೇಲೆ ಕೆಂಪು ದದ್ದುಗಳು ಎದ್ದು ನಿಂತಿರುತ್ತವೆ. ರೋಣದಿಂದಲೋ ರಾಣೆಬೆನ್ನೂರಿನಿಂದಲೋ ಒಂದು ದಿನದ ಕೂಲಿ ಬಿಟ್ಟು ಹುಬ್ಬಳ್ಳಿಗೆ ಬಂದು ಹೋದವರಿಗೆ ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ. ಕಾರಣ ತಿಳಿಯದೆ ಮರುಕಳಿಸುವ ತುರಿಕೆಯ ಸುಳಿವುಗಳು ಬಹುಮಟ್ಟಿಗೆ ರೋಗಿಯ ಮನೆಯಲ್ಲಿ, ಹೊಲದಲ್ಲಿ, ಮೈಮೇಲಿನ ಬಟ್ಟೆಯಲ್ಲಿಯೇ ಇರುತ್ತವೆಯಾದ್ದರಿಂದ, ಅವನ್ನು ಕಲೆಹಾಕುವ ಕೆಲಸದ ಅರ್ಧ ಭಾರವನ್ನು ರೋಗಿಯೇ ಹೊರಬೇಕಾಗುತ್ತದೆ.

ಆದರೆ ಕೆಲವು ಲಕ್ಷಣಗಳು ಕಂಡರೆ ಹುಡುಕಾಟಕ್ಕೆ ಸಮಯವಿಲ್ಲ. ದದ್ದಿನ ಜೊತೆಗೆ ತುಟಿ, ನಾಲಿಗೆ ಊದಿಕೊಂಡರೆ, ಧ್ವನಿ ಒಡೆದರೆ, ಉಸಿರು ಕಟ್ಟಿದಂತಾದರೆ, ತಲೆಸುತ್ತು ಬಂದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಹೊಸ ಗುಳಿಗೆ ಶುರುವಾದ ಮೇಲೆ ಜ್ವರ, ಬಾಯಿಹುಣ್ಣು, ಕೆಂಪು ಕಣ್ಣು, ಮೈಮೇಲೆ ನೀರುಗುಳ್ಳೆ ಕಾಣಿಸಿಕೊಂಡರೆ ಅದೇ ದಿನ ಆ ಗುಳಿಗೆಯ ಚೀಟಿ ಹಿಡಿದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮೊದಲು ಪೆನ್ನು ಹಿಡಿಯಿರಿ

ದದ್ದು ಎದ್ದ ಕೂಡಲೇ ಅದರ ಅಂಚಿನ ಸುತ್ತ ಬಾಲ್‌ಪೆನ್ನಿನಿಂದ ಒಂದು ಗೆರೆ ಎಳೆದು, ಗಂಟೆ ಎಷ್ಟೆಂದು ಬರೆದಿಟ್ಟುಕೊಳ್ಳಿ. ಕಾಸು ಖರ್ಚಿಲ್ಲದ ಈ ಪರೀಕ್ಷೆಗಿಂತ ಹೆಚ್ಚು ತಿಳಿಸುವ ಪರೀಕ್ಷೆ ಈ ಕಾಯಿಲೆಯಲ್ಲಿ ಕಡಿಮೆ. ಗೆರೆಯೊಳಗಿನ ದದ್ದು 24 ಗಂಟೆಯೊಳಗೆ ಗುರುತೂ ಉಳಿಯದಂತೆ ಮಾಯವಾಗಿ, ಬೇರೆ ಜಾಗದಲ್ಲಿ ಹೊಸದು ಎದ್ದರೆ ಅದು ನಾವು ಪಿತ್ತದ ಗಂಧೆ ಎನ್ನುವ, ವೈದ್ಯರು ಅರ್ಟಿಕೇರಿಯಾ ಎನ್ನುವ ತೊಂದರೆಯಾಗಿರುವ ಸಂಭವ ಹೆಚ್ಚು. ಅದೇ ಜಾಗದಲ್ಲಿ ದಿನಗಟ್ಟಲೆ ಉಳಿದು, ಒಣಗಿ, ಹೊಟ್ಟು ಬಿಟ್ಟು, ಚರ್ಮ ದಪ್ಪಗಾದರೆ ಅದು ಇಸುಬು, ಹುಳುಕಡ್ಡಿ ಅಥವಾ ಕಜ್ಜಿಯ ಕಡೆಗೆ ಬೆರಳು ತೋರಿಸುತ್ತದೆ. ತುರಿಕೆಗಿಂತ ನೋವೇ ಹೆಚ್ಚಾಗಿದ್ದು, ದಿನ ಕಳೆದರೂ ಹೋಗದೆ, ಒತ್ತಿದರೂ ಬಣ್ಣ ಮಾಸದ ನೇರಳೆ ಕಲೆ ಉಳಿದರೆ ರಕ್ತನಾಳಗಳ ಉರಿಯೂತದ ಶಂಕೆ ಇರುವುದರಿಂದ ತಡಮಾಡಬಾರದು.

ಗೆರೆ ಎಳೆದ ಮೇಲೆ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ: ಹಗಲ ಬೆಳಕಿನಲ್ಲಿ ಒಂದು ಹತ್ತಿರದಿಂದ, ಒಂದು ದೂರದಿಂದ. ನುಣ್ಣಗಿನ ಚರ್ಮ ತೋರಿಸಿ ಬಾಯಿಮಾತಿನಲ್ಲಿ ವರ್ಣಿಸುವುದಕ್ಕಿಂತ ಈ ಚಿತ್ರಗಳೇ ವೈದ್ಯರಿಗೆ ಬೇಕಾದ ಸಾಕ್ಷಿ.

ನಾಲ್ಕು ವಾರದ ದಿನಚರಿ

ಹಳೆಯ ನೋಟಬುಕ್ಕಿನಲ್ಲಿ ತಾರೀಖು, ದದ್ದು ಎದ್ದ ಹೊತ್ತು, ಮೈಯ ಯಾವ ಭಾಗ, ಅಂದಿನ ಕೆಲಸ, ನುಂಗಿದ ಗುಳಿಗೆಗಳು ಇಷ್ಟನ್ನು ಬರೆದರೆ ಸಾಕು. ಗುಳಿಗೆಗಳ ವಿಷಯದಲ್ಲಿ ಮರೆವು ಸಹಜ; ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗಿದ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥವನ್ನು ಹಲವರು ಔಷಧವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಪಿತ್ತದ ಗಂಧೆಯನ್ನು ಕೆರಳಿಸುವವುಗಳ ಪೈಕಿ ಇವು ಮುಂದಿನ ಸಾಲಿನಲ್ಲಿವೆ. ಬಿಗಿಯಾದ ಉಡಿದಾರ, ಬೆವರು, ಬಿಸಿನೀರಿನ ಸ್ನಾನ, ಹೆಗಲ ಮೇಲೆ ಹೊತ್ತ ಮೂಟೆಯ ಒತ್ತಡ ಇವೂ ಕೆಲವರಲ್ಲಿ ದದ್ದು ಎಬ್ಬಿಸುತ್ತವೆ.

ದದ್ದು ಕೂರುವ ಜಾಗವನ್ನು ಓದಿ

ಒಂದೇ ಜಾಗದಲ್ಲಿ ಉಳಿಯುವ ದದ್ದಾದರೆ ಆ ಜಾಗವೇ ಅರ್ಧ ಕಥೆ ಹೇಳುತ್ತದೆ. ಮುಂಗಾರಿನ ನಂತರ ಗೋವಿನಜೋಳದ ಬದುಗಳಲ್ಲಿ, ಊರ ಹೊರಗಿನ ಖಾಲಿ ಸೈಟುಗಳಲ್ಲಿ ಸೊಂಟದೆತ್ತರ ಬೆಳೆಯುವ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಗಮನಕ್ಕೆ ಬಂದು ಇಂದು ನಮ್ಮ ಹೊಲಗಳನ್ನೆಲ್ಲ ಆವರಿಸಿದೆ. ಅದರ ಒಣಗಿದ ಪುಡಿ ಗಾಳಿಯಲ್ಲಿ ತೇಲಿ ಬಂದು ಕೂರುವುದರಿಂದ, ಅದನ್ನು ಕೈಯಿಂದ ಮುಟ್ಟದವರಿಗೂ ಇಸುಬು ಬರಬಹುದು. ಕಣ್ಣರೆಪ್ಪೆ, ಕಿವಿಯ ಹಿಂಭಾಗ, ಕುತ್ತಿಗೆಯ ಮಡಿಕೆ, ಮೊಣಕೈಯ ಒಳಮಡಿಕೆ ಇವು ಅದರ ಮೆಚ್ಚಿನ ತಾಣಗಳು. ಬಿಸಿಲಿನಿಂದ ಆಗುವ ದದ್ದು ಸಾಮಾನ್ಯವಾಗಿ ನೆರಳಿರುವ ಈ ಮಡಿಕೆಗಳನ್ನು ಬಿಟ್ಟುಬಿಡುತ್ತದೆ. ಎರಡನ್ನೂ ಬೇರ್ಪಡಿಸುವ ಗುರುತು ಅದೇ. ಕಾಂಗ್ರೆಸ್ ಕಸದಿಂದ ಇಸುಬು ಬಂದವರು ಕಳೆ ಕೀಳುವ ಕೆಲಸವನ್ನು ಬೇರೆಯವರಿಗೆ ವಹಿಸುವುದು, ಹೊಲದಿಂದ ಬಂದ ಕೂಡಲೇ ಮೈ ತೊಳೆದು ಬಟ್ಟೆ ಬದಲಿಸುವುದು, ಒಗೆದ ಬಟ್ಟೆಯನ್ನು ಆ ಕಸದ ಮೇಲೆ ಒಣಹಾಕದಿರುವುದು ಮುಖ್ಯ.

ಗದುಗಿನಲ್ಲಿರುವ ನನ್ನ ಚಿಗವ್ವ ಎದೆಯ ಮೇಲಿನ ತುರಿಕೆಗೆ ಎರಡು ವರ್ಷ ಬದನೆಕಾಯಿ ಬಿಟ್ಟರು, ಆಮೇಲೆ ಶೇಂಗಾ ಬಿಟ್ಟರು. ಕೊನೆಗೆ ತಿಳಿದದ್ದು, ಅಡಚಣೆಗೆ ಇರಲೆಂದು ತಾಳಿಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳೇ ಅದಕ್ಕೆ ಕಾರಣವಾಗಿದ್ದವು. ಪಿನ್ನು, ಬೆಲ್ಟಿನ ಬಕಲು, ಜೀನ್ಸಿನ ಗುಂಡಿ, ನಕಲಿ ಆಭರಣ ಇವುಗಳಲ್ಲಿ ಇರುವ ನಿಕಲ್ ಲೋಹ ಹೀಗೆ ತಗುಲಿದಷ್ಟೇ ಜಾಗದಲ್ಲಿ ಇಸುಬು ಎಬ್ಬಿಸುತ್ತದೆ. ಹಣೆಯ ನಡುವೆ ಇದ್ದರೆ ಸ್ಟಿಕ್ಕರ್ ಬಿಂದಿಯ ಅಂಟನ್ನು, ಕೂದಲಂಚಿನಲ್ಲಿ ಇದ್ದರೆ ಬಣ್ಣದ ಡೈಯನ್ನು, ಗೌಂಡಿ ಕೆಲಸದವರ ಕೈಯಲ್ಲಿ ಇದ್ದರೆ ಸಿಮೆಂಟನ್ನು ಶಂಕಿಸಬೇಕು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವರ ಕೈ ಉರಿ ಬೇರೆಯೇ. ಅದು ಖಾರದ ನೇರ ಪೆಟ್ಟು.

ಬೆರಳ ಸಂದು, ಮಣಿಕಟ್ಟು, ಹೊಕ್ಕಳಿನ ಸುತ್ತ ತುರಿಕೆ ಇದ್ದು, ರಾತ್ರಿ ಹಾಸಿಗೆ ಸೇರಿದೊಡನೆ ಏರಿ, ಮನೆಯಲ್ಲಿ ಮತ್ತೊಬ್ಬರಿಗೂ ಕಾಣಿಸಿಕೊಂಡರೆ ಕಜ್ಜಿಯೆಂದು ತಿಳಿಯಬೇಕು. ಇದು ಮತ್ತೆ ಮತ್ತೆ ಮರಳುವುದಕ್ಕೆ ದೊಡ್ಡ ಕಾರಣ, ಮನೆಯಲ್ಲಿ ಒಬ್ಬರು ಮಾತ್ರ ಔಷಧ ಹಚ್ಚಿಕೊಳ್ಳುವುದು. ವೈದ್ಯರು ಬರೆದುಕೊಡುವ ಶೇ 5ರ ಪರ್ಮೆಥ್ರಿನ್ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ, ಬೆಳಿಗ್ಗೆ ತೊಳೆದು, ಒಂದು ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಹಸುಗೂಸುಗಳಿಗೆ ಹಚ್ಚುವ ಕ್ರಮವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಕಜ್ಜಿಯ ಹುಳು ಸತ್ತ ಮೇಲೂ ತುರಿಕೆ ಎರಡು ಮೂರು ವಾರ ಉಳಿಯುತ್ತದೆಯೆಂಬುದನ್ನು ಮೊದಲೇ ಅರಿತಿದ್ದರೆ ಗಾಬರಿಯಾಗುವುದಿಲ್ಲ.

ಮುಲಾಮಿನ ಡಬ್ಬಿಯನ್ನು ಬದಿಗಿಡಿ

ಈ ಹಂತದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮುಲಾಮಿನಲ್ಲಿ ಕ್ಲೊಬೆಟಸಾಲ್‌ನಂಥ ಬಲವಾದ ಸ್ಟಿರಾಯ್ಡ್ ಇದ್ದರೆ ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಹುಳುಕಡ್ಡಿಯ ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬಿ, ಉಂಗುರದ ಆಕಾರವನ್ನೂ ಕಳೆದುಕೊಂಡು, ಪರಿಣತರಿಗೂ ಗುರುತು ಸಿಗದಂತಾಗುತ್ತದೆ. ವೈದ್ಯರನ್ನು ಕಾಣುವವರೆಗೆ ಉಗುರುಬೆಚ್ಚಗಿನ ನೀರಿನಲ್ಲಿ ಚುಟುಕಾಗಿ ಸ್ನಾನ ಮಾಡಿ, ಮೈ ಇನ್ನೂ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲಿನ್ನನ್ನೋ ಹಚ್ಚುವುದು ಸಾಕು. ಬೋರಿನ ಸವಳು ನೀರಿನಲ್ಲಿ ಮೀಯುವವರ ಒಣಚರ್ಮಕ್ಕೆ ಇದು ಹೆಚ್ಚು ಅಗತ್ಯ. ಪಿತ್ತ ಎದ್ದಾಗ ಕಂಬಳಿಯಿಂದ ಮೈ ಉಜ್ಜುವ ವಾಡಿಕೆಯನ್ನು ಬಿಡುವುದೊಳ್ಳೆಯದು, ಉಜ್ಜಿದಷ್ಟೂ ದದ್ದು ಏಳುತ್ತದೆ. ಒದ್ದೆ ಬಟ್ಟೆಯ ತಂಪು ಅದಕ್ಕಿಂತ ಹಿತಕರ.

ನಂಜಿನ ಪದಾರ್ಥವೆಂದು ಬದನೆ, ಶೇಂಗಾ, ಮೊಟ್ಟೆ, ಹುಳಿ ಎಲ್ಲವನ್ನೂ ಒಟ್ಟಿಗೆ ಬಿಡುವುದರಿಂದ ಯಾವುದು ಕಾರಣವೆಂದು ತಿಳಿಯುವುದಿಲ್ಲ, ಮೈ ಮಾತ್ರ ಸೊರಗುತ್ತದೆ. ದಿನಚರಿಯಲ್ಲಿ ಒಂದು ಪದಾರ್ಥದ ಮೇಲೆ ಪದೇಪದೇ ಶಂಕೆ ಬಂದರೆ ಅದೊಂದನ್ನೇ ಮೂರು ವಾರ ಬಿಟ್ಟು ನೋಡಬಹುದು. ಆದರೆ ತಿಂದ ಕೂಡಲೇ ತುಟಿ ಊದಿದ್ದರೆ ಅದನ್ನು ಮನೆಯಲ್ಲಿ ಮತ್ತೆ ತಿಂದು ಪರೀಕ್ಷಿಸಬಾರದು.

ಆಸ್ಪತ್ರೆಗೆ ಹೋಗುವಾಗ

ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಯ, ಗದಗ ಮತ್ತು ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗಕ್ಕೆ ಹೋಗುವಾಗ ದಿನಚರಿ, ಚಿತ್ರಗಳು, ಬಳಸಿದ ಮುಲಾಮಿನ ಖಾಲಿ ಟ್ಯೂಬು ಎಲ್ಲವನ್ನೂ ಒಯ್ಯಿರಿ. ಹುಳುಕಡ್ಡಿಯ ಶಂಕೆ ಇದ್ದರೆ ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪಿತ್ತದ ಗಂಧೆಗೆ ರಕ್ತಕಣಗಳ ಎಣಿಕೆ, ಅಗತ್ಯವಿದ್ದರೆ ಥೈರಾಯ್ಡ್ ಪರೀಕ್ಷೆ ಇಷ್ಟರಲ್ಲಿ ಸಾಮಾನ್ಯವಾಗಿ ಮುಗಿಯುತ್ತದೆ. ನೂರಾರು ಪದಾರ್ಥಗಳ ಹೆಸರಿರುವ ದುಬಾರಿ ಅಲರ್ಜಿ ಪರೀಕ್ಷೆಯಿಂದ ಹೆಚ್ಚಿನವರಿಗೆ ದೊರೆಯುವುದು ಗೊಂದಲವೇ. ಇಸುಬಿಗೆ ಮಾತ್ರ ಪ್ಯಾಚ್ ಟೆಸ್ಟ್ ಉಪಯುಕ್ತ. ಶಂಕಿತ ಪದಾರ್ಥಗಳನ್ನು ಸವರಿ ಸೋಮವಾರ ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು ಬುಧವಾರ ತೆಗೆದು ನೋಡಿ, ಶುಕ್ರವಾರ ಮತ್ತೊಮ್ಮೆ ನೋಡುವುದು ರೂಢಿ. ಅಲ್ಲಿಯವರೆಗೆ ಬೆನ್ನು ಒದ್ದೆಯಾಗಬಾರದು. ಬೆವರಿಗೆ ಪಟ್ಟಿ ಕಳಚುವುದರಿಂದ ಏಪ್ರಿಲ್–ಮೇ ಬಿಟ್ಟು ಚಳಿಗಾಲದಲ್ಲಿ ಮಾಡಿಸಿಕೊಳ್ಳುವುದು ಅನುಕೂಲ.

ಇಷ್ಟೆಲ್ಲ ಆದ ಮೇಲೂ, ಆರು ವಾರ ಮೀರಿ ಉಳಿದ ಪಿತ್ತದ ಗಂಧೆಯಲ್ಲಿ ಬಹಳ ಮಂದಿಗೆ ಹೊರಗಿನ ಕಾರಣ ಸಿಗುವುದೇ ಇಲ್ಲ. ಚರ್ಮದೊಳಗಿನ ಮಾಸ್ಟ್ ಕೋಶಗಳು ತಾವಾಗಿಯೇ ಕೆರಳಿ, ತುರಿಕೆ ಎಬ್ಬಿಸುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಯುವುದರಿಂದ ಹೀಗಾಗುತ್ತದೆ. ಆಗ ಹಿಸ್ಟಮಿನ್‌ಗೆ ತಡೆಯೊಡ್ಡುವ ಸೆಟಿರಿಜಿನ್, ಫೆಕ್ಸೊಫೆನಾಡಿನ್‌ನಂಥ ಗುಳಿಗೆಯನ್ನು ದದ್ದು ಎದ್ದಾಗಷ್ಟೇ ನುಂಗದೆ, ವೈದ್ಯರು ಹೇಳಿದಷ್ಟು ಕಾಲ ದಿನವೂ ತಪ್ಪದೆ ತೆಗೆದುಕೊಳ್ಳಬೇಕು. ಸಾಲದಿದ್ದರೆ ಪ್ರಮಾಣ ಏರಿಸುವುದನ್ನು, ಅದೂ ಸಾಲದಿದ್ದರೆ ಓಮಾಲಿಜುಮ್ಯಾಬ್ ಎಂಬ ಚುಚ್ಚುಮದ್ದನ್ನು ಅವರೇ ನಿರ್ಧರಿಸುತ್ತಾರೆ. ಸೆಟಿರಿಜಿನ್ ಕೆಲವರಿಗೆ ನಿದ್ದೆ ತರಿಸುವುದರಿಂದ ಟ್ರ್ಯಾಕ್ಟರು ಓಡಿಸುವವರು ಎಚ್ಚರದಿಂದಿರಬೇಕು. ತಿಂಗಳುಗಳ ನಂತರ ದದ್ದು ಪೂರ್ತಿ ಅಡಗಿ, ವೈದ್ಯರು ಗುಳಿಗೆಯನ್ನು ಇಳಿಸತೊಡಗಿದಾಗ ಹಳೆಯ ನೋಟಬುಕ್ಕನ್ನು ಮತ್ತೆ ತೆರೆದು, ಇಳಿಸಿದ ತಾರೀಖು ಮತ್ತು ಆಮೇಲೆ ಪ್ರತಿದಿನ ಎದ್ದ ದದ್ದುಗಳ ಎಣಿಕೆಯನ್ನು ಬರೆದಿಡಬೇಕು.